ತರ್ರಗೋನ: ಮೊದಲು ಹಬ್ಬದ ತಾರೀಖು, ಆಮೇಲೆ ಟಿಕೆಟ್

ಸ್ಪೇನಿನ ಬಾರ್ಸಿಲೋನಾಕ್ಕೆ ಬಂದವರು ಹತ್ತಿರದ ಕಡಲ ಊರು ತರ್ರಗೋನಕ್ಕೆ ಒಂದು ದಿನ ಕೊಡುತ್ತಾರೆ. ರೋಮನ್ ಕಾಲದ ಕಲ್ಲುಗಳನ್ನು ನೋಡಿ ಸಂಜೆ ರೈಲು ಹತ್ತುತ್ತಾರೆ. ಕಲ್ಲುಗಳಿಗೆ ಅಷ್ಟು ಸಮಯ ಸಾಕು. ಆದರೆ ಈ ಊರಿನ ಜೀವಾಳ ಕಾಸ್ತೆಲ್, ಅಂದರೆ ಮನುಷ್ಯರ ಹೆಗಲ ಮೇಲೆ ಮನುಷ್ಯರು ನಿಂತು ಕಟ್ಟುವ ಗೋಪುರ. ಅದು ದಿನಾ ನಡೆಯುವುದಿಲ್ಲ. ಹಾಗಾಗಿ ನಾನು ಮೊದಲು ಹಬ್ಬದ ಪಟ್ಟಿ ತೆಗೆಯುತ್ತೇನೆ: ಜೂನ್ 24ರ ಸಾಂಟ್ ಜೊಆನ್, ಆಗಸ್ಟ್ 19ರ ಸಾಂಟ್ ಮಜಿ, ಸೆಪ್ಟೆಂಬರ್ 23ರ ಸಾಂತಾ ತೆಕ್ಲಾ. ಸಮ ಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ ಹಳೆಯ ಗೂಳಿಕಾಳಗದ ಅಖಾಡದೊಳಗೆ ಕಾಸ್ತೆಲ್ ಸ್ಪರ್ಧೆಯೂ ಉಂಟು. ಒಂದನ್ನೇ ಆರಿಸಬೇಕೆಂದರೆ ಸೆಪ್ಟೆಂಬರ್ 21ರಿಂದ 24. ಸ್ಪರ್ಧೆಗಿಂತ ಬೀದಿಯಲ್ಲಿ ನೋಡುವುದೇ ಮೇಲು.

ರೈಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅತಿವೇಗದ ರೈಲು ನಿಲ್ಲುವ 'ಕಾಂಪ್ ದೆ ತರ್ರಗೋನ' ನಿಲ್ದಾಣ ಊರ ಹೊರಗೆ, ಬಯಲಿನಲ್ಲಿದೆ. ಅಲ್ಲಿಂದ ಮತ್ತೆ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಉಳಿಸಿದ ಸಮಯ ಅಲ್ಲೇ ಹೋಗುತ್ತದೆ. ಬಾರ್ಸಿಲೋನಾ ಸಾಂಟ್ಸ್‌ನಿಂದ ಹೊರಡುವ ಸಾಮಾನ್ಯ ಪ್ರಾದೇಶಿಕ ರೈಲು ಸುಮಾರು 100 ಕಿ.ಮೀ. ದೂರವನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಕ್ರಮಿಸಿ, ಸಮುದ್ರದ ಪಕ್ಕದಲ್ಲೇ ಇರುವ ಊರ ನಿಲ್ದಾಣದಲ್ಲಿ ಇಳಿಸುತ್ತದೆ. ಟಿಕೆಟ್ಟೂ ಅಗ್ಗ.

ಕಲ್ಲಿನ ಊರನ್ನು ಬೆಳಗ್ಗೆ ಮುಗಿಸಿಕೊಳ್ಳಿ. ಸೋಮವಾರ ಸ್ಮಾರಕಗಳಿಗೆ ರಜೆ. 2ನೇ ಶತಮಾನದ ಆಂಫಿಥಿಯೇಟರ್, ಅಂದರೆ ಸುತ್ತಲೂ ಮೆಟ್ಟಿಲಾಸನಗಳಿರುವ ಬಯಲು ಕಣ, ಸಮುದ್ರಕ್ಕೆ ಮುಖ ಮಾಡಿದೆ. ಕ್ರಿ.ಶ. 259ರಲ್ಲಿ ಬಿಷಪ್ ಫ್ರುಕ್ತುಓಸುಸ್‌ನನ್ನೂ ಅವನ ಇಬ್ಬರು ಸಹಾಯಕರನ್ನೂ ಜೀವಂತ ಸುಟ್ಟದ್ದು ಇಲ್ಲೇ. ಅದರ ನೆನಪಿಗೆ ಕಣದ ನಡುವೆ ಕಟ್ಟಿದ ಚರ್ಚಿನ ಬುಡ ಇಂದಿಗೂ ಕಾಣುತ್ತದೆ. ರೋಮನ್ನರು ರಥಗಳನ್ನು ಓಡಿಸುತ್ತಿದ್ದ ಅಖಾಡ, ಅಂದರೆ ಸರ್ಕಸ್ಸಿನ ಬಹುಪಾಲು ಈಗಿನ ಮನೆಗಳ ಅಡಿಯಲ್ಲಿದೆ. ಅದರ ಕಮಾನು ಸುರಂಗಗಳಲ್ಲಿ ನಡೆಯಬಹುದು. ಊರಾಚೆ ಸುಮಾರು 4 ಕಿ.ಮೀ. ದೂರದಲ್ಲಿ 27 ಮೀಟರ್ ಎತ್ತರದ ನೀರಿನ ಮೇಲ್ಗಾಲುವೆ ಇದೆ, ಕೆಳಗೆ 11 ಕಮಾನು, ಮೇಲೆ 25. ಊರ ಬಸ್ಸಿನಲ್ಲೇ ಹೋಗಬಹುದು, ಪೈನ್ ಮರಗಳ ನಡುವಿನ ಆ ಜಾಗಕ್ಕೆ ಪ್ರವೇಶ ಶುಲ್ಕವಿಲ್ಲ. ರಾಂಬ್ಲಾ ನೋವಾ ಬೀದಿಯ ತುದಿಯ ಮೆಡಿಟರೇನಿಯನ್ ಬಾಲ್ಕನಿಯಲ್ಲಿ ಊರವರು ಕಬ್ಬಿಣದ ಕಟಕಟೆಯನ್ನು ಮುಟ್ಟಿ ವಾಪಸಾಗುತ್ತಾರೆ, ಅದೃಷ್ಟಕ್ಕಂತೆ. ಮುಟ್ಟಿಬಿಡಿ, ಖರ್ಚೇನಿಲ್ಲ.

ಈಗ ಕಾಸ್ತೆಲ್. ನಮ್ಮ ಮೊಸರು ಕುಡಿಕೆಯ ಗೋಪುರ ನೆನಪಾಗುವುದು ಸಹಜ. ಆದರೆ ಇಲ್ಲಿ ಒಡೆಯಲು ಮಡಕೆ ಇಲ್ಲ; ಏರಿದಷ್ಟೇ ಕ್ರಮವಾಗಿ ಇಳಿದರೆ ಮಾತ್ರ ಪೂರ್ಣ ಗೆಲುವು. ಗೋಪುರದ ಹೆಸರು ಓದುವುದು ಸುಲಭ: 'ಒಂಬತ್ತರ ಮೂರು' ಅಂದರೆ ಹಂತಕ್ಕೆ ಮೂವರು, ಒಟ್ಟು ಒಂಬತ್ತು ಹಂತ. ಮೇಲಿನ ಮೂರು ಹಂತ ಮಾತ್ರ ಬೇರೆ, ಅವು ಮಕ್ಕಳದು: ಮೊದಲು ಇಬ್ಬರು, ಅವರ ಮೇಲೆ ಬಾಗಿ ಕೂರುವ ಒಬ್ಬರು, ಕೊನೆಗೆ ಎನ್‌ಷನೇತ. ಈ ಕೊನೆಯ ಮಗು ಒಂದು ಬದಿಯಿಂದ ಹತ್ತಿ, ತುದಿಯಲ್ಲಿ ಕೈ ಎತ್ತಿ, ಇನ್ನೊಂದು ಬದಿಯಿಂದ ಜಾರಿ ಇಳಿಯುತ್ತದೆ. ಕೈ ಎತ್ತಿದರೆ ಗೋಪುರ 'ಏರಿತು' ಎಂದು ಲೆಕ್ಕ, ಎಲ್ಲರೂ ಸುರಕ್ಷಿತವಾಗಿ ಇಳಿದರೆ 'ಇಳಿಯಿತು'. ಆದ್ದರಿಂದ ಮಗು ಕೈ ಎತ್ತಿದ ಕೂಡಲೇ ಚಪ್ಪಾಳೆ ತಟ್ಟಿ ಹೊರಡಬೇಡಿ. ಕಾಲು ನಡುಗುವುದು, ಬೀಳುವುದು ಇಳಿಯುವಾಗಲೂ ಆಗುತ್ತದೆ.

ಶಹನಾಯಿ ಕುಲದ ಗ್ರಾಲ್ಯದ ಸದ್ದಿಗೆ ಕಿವಿಗೊಡಿ. ಬುಡ ಭದ್ರವಾಗಿದೆ ಎಂದು ತಂಡದ ನಾಯಕ ಒಪ್ಪುವವರೆಗೆ ವಾದ್ಯ ಸುಮ್ಮನಿರುತ್ತದೆ. ವಾದ್ಯ ಊದುವ ಮೊದಲೇ ಗೋಪುರ ಬಿಚ್ಚಿದರೆ ಅದು ಯತ್ನದ ಲೆಕ್ಕಕ್ಕಿಲ್ಲ. ಒಮ್ಮೆ ಊದಿದರೆ, ತಲೆ ತಗ್ಗಿಸಿ ಕೆಳಗೆ ನಿಂತವರಿಗೆ ಮೇಲೇನಾಗುತ್ತಿದೆ ಎಂದು ತಿಳಿಯುವುದೇ ಆ ರಾಗದಿಂದ. ಆಗ ನೀವು ಮಾತಾಡಬಾರದು.

ನಿಲ್ಲುವ ಜಾಗ? ಸೆಪ್ಟೆಂಬರ್ 23ರಂದು ಪ್ಲಾಸಾ ದೆ ಲಾ ಫೋಂಟ್ ಚೌಕಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಹೋಗಿ. ಪುರಭವನಕ್ಕೆ ತೀರಾ ಹತ್ತಿರ ನಿಂತರೆ ಬೆನ್ನುಗಳೇ ಕಾಣುತ್ತವೆ. ಚೌಕದ ನಡುವಿನಿಂದ ಬುಡವೂ ತುದಿಯೂ ಒಟ್ಟಿಗೆ ಕಣ್ಣಿಗೆ ಸಿಗುತ್ತವೆ. 24ರಂದು ಹಂತಕ್ಕೊಬ್ಬರಂತೆ ನಾಲ್ಕು ಹಂತದ ಕಂಬಗಳು ಕೆಥೆಡ್ರಲ್ ಮೆಟ್ಟಿಲಿಳಿದು ಇದೇ ಚೌಕದವರೆಗೆ ನಡೆದೇ ಬರುತ್ತವೆ. ಆವತ್ತು ನಾನು ಆರಿಸುವುದು ಮೆಟ್ಟಿಲಿನ ಬುಡ: ಪ್ರತಿ ಮೆಟ್ಟಿಲಿಗೂ ಮೇಲಿನ ಮಗು ತೂಗುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಬುಡದ ಗುಂಪು, ಅಂದರೆ ಪಿನ್ಯ, ಹೊರಗಿನವರನ್ನೂ ಸೇರಿಸಿಕೊಳ್ಳುತ್ತದೆ. ಕರೆದರೆ ಹೋಗಿ. ಉಂಗುರ, ವಾಚು, ಕನ್ನಡಕ, ಜೇಬಿನ ಫೋನು ತೆಗೆದಿಡಿ. ಎರಡು ಕೈಯನ್ನೂ ಮೇಲೆತ್ತಿ ಮುಂದಿನವರ ಬೆನ್ನಿಗೆ ಒತ್ತಿ, ಎದೆ ತಾಗಿಸಿ, ಗಲ್ಲ ತಗ್ಗಿಸಿ ಮುಖ ಪಕ್ಕಕ್ಕೆ ತಿರುಗಿಸಿ. ತಲೆಯೆತ್ತಿ ನೋಡುವ ಆಸೆಯೇ ಅಪಾಯ: ಗೋಪುರ ಕುಸಿದರೆ ಬೀಳುವವರಿಗೆ ಹಾಸಿಗೆ ಈ ಗುಂಪೇ, ಎತ್ತಿದ ಮುಖದ ಮೇಲೆ ಹಿಮ್ಮಡಿ ಬಿದ್ದರೆ ಮೂಗು ಉಳಿಯುವುದಿಲ್ಲ. ತಳ್ಳುವ ಬಲ ಒಂದೇ ಸಮ ಇರಲಿ. ಒಮ್ಮೆಲೇ ಜಗ್ಗಿದರೆ ಮಧ್ಯದವರ ಕಾಲು ಅಲುಗುತ್ತದೆ. ಸೊಂಟಕ್ಕೆ ಸುತ್ತುವ ಕರಿ ಪಟ್ಟಿ ಅಲಂಕಾರಕ್ಕಲ್ಲ, ಬೆನ್ನಿಗೆ ಆಸರೆ, ಹತ್ತುವವರಿಗೆ ಕಾಲಿಡುವ ಮೆಟ್ಟಿಲು.

ಹಬ್ಬದ ರಾತ್ರಿ ಬೆಂಕಿ ಕಾರುವ ವೇಷದ ದೆವ್ವ, ಡ್ರ್ಯಾಗನ್‌ಗಳ ಹಿಂದೆ ಓಡುವುದಾದರೆ ಹಳೆಯ ಹತ್ತಿ ಬಟ್ಟೆ, ತುಂಬು ತೋಳು, ಟೋಪಿ ಬೇಕೇ ಬೇಕು. ಸಿಂಥೆಟಿಕ್ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕಂಟುತ್ತದೆ.

ಊಟ ಮಧ್ಯಾಹ್ನ ಒಂದೂವರೆಯ ಮೇಲೆ, ರಾತ್ರಿ ಒಂಬತ್ತರ ಸುಮಾರಿಗೆ. ಸಸ್ಯಾಹಾರಿಗಳು ಗಮನಿಸಬೇಕಾದ ಹೆಸರು ರೊಮೆಸ್ಕೊ: ಒಣ ಮೆಣಸು, ಬಾದಾಮಿ, ಸುಟ್ಟ ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದ ಆ ಚಟ್ನಿಯನ್ನು ಧೈರ್ಯವಾಗಿ ತಿನ್ನಬಹುದು, ಆದರೆ ಮೀನುಗಾರರ ಸೆರ್ರಾಲ್ಯೊ ಕೇರಿಯಲ್ಲಿ ಅದೇ ಹೆಸರಿನಲ್ಲಿ ಮೀನಿನ ಸಾರು ಬರುತ್ತದೆ. ಬದನೆ, ದೊಣ್ಣೆಮೆಣಸಿನಕಾಯಿ ಸುಟ್ಟು ಮಾಡುವ ಎಸ್ಕಲಿವಾದ ಮೇಲೂ ಕೆಲವೆಡೆ ಸಣ್ಣ ಮೀನು ಇಡುತ್ತಾರೆ. ಆರ್ಡರ್ ಮಾಡುವಾಗಲೇ 'ಸೆನ್ಸ ಪೇಶ್, ಸೆನ್ಸ ಕಾರ್ನ್' ಎನ್ನಿ, ಮೀನೂ ಬೇಡ, ಮಾಂಸವೂ ಬೇಡ ಎಂದು. ಕೆಂಡದಲ್ಲಿ ಸುಡುವ ಕಲ್ಸೋತ್ ಈರುಳ್ಳಿ ಸೆಪ್ಟೆಂಬರಿನಲ್ಲಿ ಸಿಗದು. ಅದಕ್ಕೆ ಚಳಿಗಾಲದಲ್ಲಿ ಹತ್ತಿರದ ವಾಲ್ಸ್ ಊರಿಗೆ ಹೋಗಬೇಕು.