ಕಾರವಾರದಲ್ಲಿ ಬಾಡಿಗೆ ಮನೆ: ಪಡುವಣ ಗೋಡೆ, ಬಾವಿಯ ನೀರು, ಆಮೇಲೆ ಮುಂಗಡ

ಕಾರವಾರದಲ್ಲಿ ಬಾಡಿಗೆ ಮನೆ ಹುಡುಕುವ ಹೊರಗಿನವರು ಹೆಚ್ಚಾಗಿ ಚಳಿಗಾಲದಲ್ಲಿ ಬರುತ್ತಾರೆ. ಕಿಟಕಿಯಿಂದ ಸಮುದ್ರ ಕಂಡರೆ ಸಾಕು, ಮುಂಗಡ ಕೊಟ್ಟುಬಿಡುತ್ತಾರೆ. ಜೂನ್ ಕಳೆಯುವಷ್ಟರಲ್ಲಿ ಅದೇ ಕಿಟಕಿಯ ಕೆಳಗೆ ಬಕೆಟ್ ಇಡಬೇಕಾಗುತ್ತದೆ. ಮನೆ ನೋಡಲು ಮೇ ತಿಂಗಳೇ ಸರಿ. ಆಗ ಬಾವಿ ತೀರಾ ಇಳಿದಿರುತ್ತದೆ, ಕಳೆದ ಮಳೆಗಾಲದ ಕಲೆಗಳೂ ಗೋಡೆಯ ಮೇಲೆ ಉಳಿದಿರುತ್ತವೆ.

ಮೊದಲು ಜಾಗ. ವೈದ್ಯಕೀಯ ಕಾಲೇಜು, ಕಚೇರಿಗಳಿಗೆ ಹೋಗುವವರಿಗೆ ಕಾಜುಬಾಗ, ಹಬ್ಬುವಾಡ, ರೈಲು ನಂಬಿದವರಿಗೆ ಶಿರವಾಡ, ನೌಕಾನೆಲೆಯವರಿಗೆ ಬಿಣಗಾ. ಸದಾಶಿವಗಡದಲ್ಲಿ ಮನೆ ಮಾಡಿದರೆ ಪೇಟೆಗೆ ಬರಲು ಕಾಳಿ ಸೇತುವೆ ದಾಟಬೇಕು. ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದು, ಓಡಾಟವೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ ಬಿತ್ತು, ಆದ್ದರಿಂದ ಕಚೇರಿ ವೇಳೆಯಲ್ಲಿ ಒಮ್ಮೆ ಓಡಾಡಿ ನೋಡಿ. ಎಲ್ಲಿಯೇ ಆಗಲಿ, ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ, ಹಿಂಬದಿಗೆ ಕೆಂಪು ಮಣ್ಣು ನೇರವಾಗಿ ನಿಂತಿರುವ ಮನೆ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಜರಿದದ್ದು ಹೆದ್ದಾರಿಗೆಂದು ಕಡಿದ ಗುಡ್ಡವೇ. ವಾಲಿದ ಮರ, ಗುಡ್ಡದ ನೆತ್ತಿಯಲ್ಲಿ ಬಿರುಕು, ನೀರು ಹೋಗಲು ತೂತಿಲ್ಲದ ಪಾಗಾರ (ತಡೆಗೋಡೆ): ಇವುಗಳಲ್ಲಿ ಒಂದು ಕಂಡರೂ ಹಿಂದಿರುಗಿ.

ಇನ್ನು ಗೋಡೆ. ಎಲ್ಲರೂ ಎಡವುವುದು ಇಲ್ಲೇ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ, ಎರಚಲು ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಇಲ್ಲಿ ಗೋಡೆ ಕಟ್ಟುವ ಚಿರೇಕಲ್ಲು ತೂತುತೂತಾದ ಕೆಂಪು ಕಲ್ಲು, ಮೇಲಿನ ಗಿಲಾಯಿ (ಪ್ಲಾಸ್ಟರ್) ಬಿರುಕು ಬಿಟ್ಟರೆ ನೀರು ಹೀರುತ್ತಲೇ ಇರುತ್ತದೆ. ಆ ಎರಡು ಗೋಡೆಗಳಿಗೆ ತಾಗಿದ ಕಪಾಟು, ಮಂಚಗಳನ್ನು ಸರಿಸಿಸಿ ನೋಡಿ. ಕಲೆ ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಗೆರೆ ಎಳೆದಂತೆ ಕಲೆ, ಬಿಳಿ ಉಪ್ಪಿನ ಪುಡಿ ಇದ್ದರೆ ತೇವ ಅಡಿಪಾಯದಿಂದ ಏರುತ್ತಿದೆ. ಬಾಡಿಗೆದಾರ ಮಾಡುವಂಥದ್ದು ಅಲ್ಲಿ ಏನೂ ಇಲ್ಲ, ಬಿಟ್ಟುಬಿಡಿ. ಕಿಟಕಿಯ ಸುತ್ತ ಮಾತ್ರ ಇದ್ದರೆ ಸಜ್ಜಾ ಗಿಡ್ಡವಾಗಿದೆ, ಮಾಲೀಕರು ಮುಂದಕ್ಕೆ ತಗಡು ಇಳಿಸಿಕೊಟ್ಟರೆ ಸರಿಹೋಗುತ್ತದೆ. ಸೂರಿನ ಹತ್ತಿರ ಇದ್ದರೆ ತಾರಸಿ ಹತ್ತಿ, ನೀರು ಹೋಗುವ ಕೊಳವೆಯ ಬಾಯಿ ನೋಡಿ. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗಿಲಾಯಿ ಕಲ್ಲನ್ನು ಬಿಟ್ಟಿದೆ. ಸ್ವಿಚ್ ಬೋರ್ಡಿನ ಸ್ಕ್ರೂಗಳನ್ನೂ ನೋಡಿ. ಸಮುದ್ರದ ಗಾಳಿಗೆ ಎಲ್ಲವೂ ತುಕ್ಕು ಹಿಡಿಯುತ್ತವೆ ನಿಜ, ಆದರೆ ಪೂರ್ವದ ಗೋಡೆಯ ಬೋರ್ಡಿಗಿಂತ ಪಶ್ಚಿಮದ್ದು ಬಹಳ ಹೆಚ್ಚು ತುಕ್ಕು ತಿಂದಿದ್ದರೆ ಗೋಡೆಯೊಳಗೆ ನೀರು ಓಡಾಡಿದೆ. ಒದ್ದೆ ಗೋಡೆಯಲ್ಲಿ ಕರೆಂಟು ಹೊಡೆಯುವ ಅಪಾಯವಿದೆ, ಸೋರುವ ಕರೆಂಟು ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಗೆ ಹೋಗಬೇಡಿ.

ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅನುಮಾನಿಸಿ. ತೇವ ತಡೆಯುವ ಬಣ್ಣವೆಂದು ಮಾರುವುದನ್ನು ಒದ್ದೆ ಗೋಡೆಯ ಒಳಮೈಗೆ ಬಳಿದರೆ ಮೊದಲ ಮಳೆಗೇ ಗುಳ್ಳೆ ಏಳುತ್ತದೆ. ಪ್ಲಾಸ್ಟಿಕ್ ಹಲಗೆ ಹೊಡೆದ ಗೋಡೆ ಅದಕ್ಕಿಂತ ಕೆಟ್ಟದ್ದು, ಹಿಂದೆ ಬೂಷ್ಟು ಬೆಳೆಯುವುದು ಮೂಗಿಗೆ ಬಡಿದಾಗಲೇ ಗೊತ್ತಾಗುವುದು.

ಬಾವಿಯ ನೀರನ್ನು ಟ್ಯಾಂಕಿನ ನಲ್ಲಿಯಿಂದ ನೋಡಬೇಡಿ. ಪಂಪನ್ನು ಅರ್ಧ ಗಂಟೆ ಓಡಿಸಿ, ಆಮೇಲೆ ಬಾವಿಯಿಂದ ನೇರವಾಗಿ ಹಿಡಿಯಿರಿ. ಸಿಹಿ ನೀರು ಮೇಲೆ, ಉಪ್ಪು ನೀರು ಭಾರವಾಗಿ ಕೆಳಗೆ ಇರುತ್ತದೆ, ಎಳೆದಂತೆಲ್ಲ ಉಪ್ಪು ಮೇಲಕ್ಕೆ ಬರುತ್ತದೆ. ಕೋಡಿಬಾಗ, ಸುಂಕೇರಿಯಂಥ ನದಿಯಂಚಿನ ಕಡೆ ಸಮುದ್ರ ಉಕ್ಕುವ ಭರತದ ಹೊತ್ತಿಗೆ ಇನ್ನೊಮ್ಮೆ ನೋಡಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 500ರೊಳಗೆ ಬಂದರೆ ಒಳ್ಳೆಯದು, 2000 ದಾಟಿದರೆ ಕುಡಿಯಲು ಆಗದು. ಆರ್‌ಒ ಹಾಕಿಸಿದ್ದೇವೆ ಎನ್ನುವ ಮಾತಿಗೆ ಸಮಾಧಾನಪಡಬೇಡಿ. ಅದು ಕುಡಿಯುವ ನೀರಿಗಷ್ಟೇ, ಗೀಸರೂ ವಾಷಿಂಗ್ ಮಷಿನ್ನೂ ಉಪ್ಪನ್ನೇ ತಿನ್ನುತ್ತವೆ.

ಕರಾರು 11 ತಿಂಗಳದ್ದು ಸಾಕು. ಗೃಹಜ್ಯೋತಿ ಬೇಕಿದ್ದರೆ, ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯನ್ನು ಆ ಮೀಟರಿನ ಆರ್‌ಆರ್ ಸಂಖ್ಯೆಯಿಂದ ಬಿಡಿಸಿಕೊಡಲು ಮಾಲೀಕರಿಗೆ ಮೊದಲೇ ಹೇಳಿ.

ಮೀನು ಬೇಯಿಸಬಹುದೇ ಎಂದೂ ಮುಂಗಡಕ್ಕೆ ಮುಂಚೆ ಕೇಳಿ. ಆಗಬಹುದೆಂದರೆ ಹಿತ್ತಿಲಲ್ಲಿ ನಲ್ಲಿ, ಮೀನು ಕೊಯ್ಯಲು ಕಲ್ಲು ಇರುವ ಮನೆಯನ್ನೇ ಆರಿಸಿ, ಅಡುಗೆಮನೆಯ ಸಿಂಕಿನಲ್ಲಿ ತೊಳೆದ ಬಂಗಡೆಯ ವಾಸನೆ ಮಳೆಗಾಲದಲ್ಲಿ ಮನೆ ಬಿಟ್ಟು ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಮೇ ತಿಂಗಳ ಭಾನುವಾರದ ಸಂತೆಯಲ್ಲೇ ಒಣ ಬಂಗಡೆ, ಒಣ ಸಿಗಡಿ ಕೊಂಡು, ಎರಡು ಬಿಸಿಲು ಕಾಣಿಸಿ, ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಪಶ್ಚಿಮದ ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ.