ತೋಳ, ದೆವ್ವ, ಪಂಚಾಂಗ: ಒಂದು ಪ್ರೇಮಕಥೆ ಹೆಣೆದ ಬಗೆ

ಹುಡುಗ ಹುಣ್ಣಿಮೆಗೆ ತೋಳ, ಹುಡುಗಿ ಅಮಾವಾಸ್ಯೆಗೆ ದೆವ್ವ. ಕೇಳಲು ಚೆಂದ, ಬರೆಯಲು ಕೂತರೆ ಮೂರನೇ ಅಧ್ಯಾಯಕ್ಕೇ ನಿಂತುಬಿಡುತ್ತದೆ. ತಿಂಗಳಿಗೊಮ್ಮೆ ಕಾಣಿಸಿಕೊಳ್ಳುವವಳ ಜೊತೆ ಯಾರು ಪ್ರೀತಿ ಮಾಡುತ್ತಾರೆ? ಹಾಗಾಗಿ ನಿಯಮ ಬದಲಿಸಿದೆ. ಅವನನ್ನು ಕಟ್ಟಿದ್ದು ತಿಥಿ, ಅವಳನ್ನು ಕಟ್ಟಿದ್ದು ಬೆಳಕು. ಸೂರ್ಯ ಮುಳುಗಿದ ಮೇಲೆ ಹುಣ್ಣಿಮೆ ತಿಥಿ ಇರುವಷ್ಟು ಹೊತ್ತು ಅವನು ತೋಳ. ಬೆಳದಿಂಗಳು ಇಲ್ಲದ ಕತ್ತಲೆ ಎಷ್ಟಿದೆಯೋ ಅಷ್ಟು ಹೊತ್ತು ಅವಳು ಇರುತ್ತಾಳೆ.

ಇಷ್ಟಾದ ಮೇಲೆ ಕಥೆ ತಾನೇ ನಡೆಯಿತು. ಅಮಾವಾಸ್ಯೆಗೆ ಇಡೀ ರಾತ್ರಿ ಇಬ್ಬರದು. ಆಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮುಳುಗುತ್ತಾನೆ, ಅವಳೂ ಅಷ್ಟೇ ತಡವಾಗಿ ಬರುತ್ತಾಳೆ. ಶುಕ್ಲ ಅಷ್ಟಮಿಗೆ ನಡುರಾತ್ರಿ ಕಳೆಯಬೇಕು. ಹುಣ್ಣಿಮೆಗೆ ಕತ್ತಲೆಯೇ ಇಲ್ಲ, ಅವಳೂ ಇಲ್ಲ. ಅಂದರೆ ಅವನು ತೋಳನಾಗುವುದನ್ನು ಅವಳು ಎಂದೂ ನೋಡುವಂತಿಲ್ಲ. ಗುಟ್ಟು ಪುಕ್ಕಟೆ ಸಿಕ್ಕಿತು. (ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ನಡುರಾತ್ರಿ ಗುಡ್ಡದ ಹಿಂದಿನಿಂದ ಅವನನ್ನು ಹುಟ್ಟಿಸುವ ಕಥೆಗಾರರು ಈಗಲೂ ಇದ್ದಾರೆ.)

ಊರು ಕೊಪ್ಪಳದ ಕಡೆಯದು. ಮಲೆನಾಡಿನ ದಟ್ಟ ಕಾಡಿನದು ಸೀಳುನಾಯಿ. ತೋಳ ಬಯಲುಸೀಮೆಯ ಕುರುಚಲಿನ ಪ್ರಾಣಿ, ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಅದಕ್ಕೆಂದೇ ಧಾಮವಿದೆ. ನಮ್ಮ ತೋಳ ತೂಗುವುದು 20 ಕೆ.ಜಿ. ಆಸುಪಾಸು, ಬಣ್ಣ ಮಾಸಿದ ಕಂದು. ಕರಿ ರಾಕ್ಷಸನಂತೆ ಬಣ್ಣಿಸಿದರೆ ಕುರಿ ಕಾಯುವವರು ನಗುತ್ತಾರೆ. ನಾಯಕನನ್ನು ಕುರಿಗಾರನ ಮಗನನ್ನಾಗಿ ಮಾಡಿದೆ. ಕಾಯುವವನೂ ಅವನೇ, ಮರಿ ಹೊತ್ತೊಯ್ಯುವವನೂ ಅವನೇ. ಬೆಳ್ಳಿ ಗುಂಡಿಗೆ ಸಾಯುವ ಪರದೇಶದ ನಿಯಮ ಬಿಟ್ಟು ಬೆಳ್ಳಿ ಉಡಿದಾರ ಒಂದನ್ನು ಉಳಿಸಿಕೊಂಡೆ. 60 ಕೆ.ಜಿ. ಮನುಷ್ಯನ ಸೊಂಟದ್ದು ತೋಳದ ಸಣಕಲು ನಡುವಿನಲ್ಲಿ ನಿಲ್ಲದು. ಬೆಳಗ್ಗೆ ದೊಡ್ಡಿಯಲ್ಲಿ, ಕುರಿ ಹಿಕ್ಕೆಯ ನಡುವೆ ಅಪ್ಪನ ಕೈಗೆ ಸಿಗುವುದು ಅದೇ.

ದೆವ್ವಕ್ಕೆ ಹುಣಸೆ ಮರ, ಬಿಳಿ ಸೀರೆ ಬೇಡವೆನಿಸಿತು. ಅವಳು ಸತ್ತದ್ದು ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದಡಿಯ ಗುಂಡಿಯಲ್ಲಿ, ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಗೆ ಉಸಿರುಕಟ್ಟಿ. ಹಗೇವು ತೆಗೆದರೆ ಮೊದಲು ಗಾಳಿಯಾಡಲು ಬಿಡಬೇಕು, ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿಯುವಂತಿಲ್ಲ. ಅವಳು ಬಂದಳು ಎನ್ನಲು ನನಗೆ ಬೇರೆ ಗುರುತು ಬೇಕಾಗಲಿಲ್ಲ: ಅವನ ಕಂದೀಲಿನ ಕುಡಿ ನೀಲಿಯಾಗಿ ಕುಗ್ಗುತ್ತದೆ. ಮಾತೂ ಕಡಿಮೆ. ಆ ಸೀಮೆಯಲ್ಲಿ ಯಾರೂ ‘ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವುದಿಲ್ಲ. ‘ಚಂದ್ರ ಹುಟ್ಟಾಕ ಇನ್ನೂ ಒಂದ್ ತಾಸ್ ಐತಿ, ಕುಂದ್ರು’ ಅಂದರೆ ಆಯಿತು.

ಕಥೆಯನ್ನು ಎಳ್ಳಮಾವಾಸ್ಯೆಯಿಂದ 2025ರ ಮಹಾಲಯ ಅಮಾವಾಸ್ಯೆವರೆಗೆ ಇಟ್ಟುಕೊಂಡೆ. 10 ಅಮಾವಾಸ್ಯೆ, 9 ಹುಣ್ಣಿಮೆ, ಒಟ್ಟು 19 ಅಧ್ಯಾಯ, ಒಂದೊಂದು ಸುಮಾರು 1,500 ಪದ. ಆ ವರ್ಷವೇ ಯಾಕೆಂದರೆ ಗ್ರಹಣಕ್ಕೆ. ಹುಣ್ಣಿಮೆಯಲ್ಲಿ ಕತ್ತಲೆ ಸಿಗುವುದು ಚಂದ್ರಗ್ರಹಣದಲ್ಲಿ ಮಾತ್ರ. ಮೊದಲು ಮಾರ್ಚ್ 14ರ ಗ್ರಹಣ ಹಿಡಿದಿದ್ದೆ; ಅದು ನಮ್ಮಲ್ಲಿ ಮಟಮಟ ಮಧ್ಯಾಹ್ನ, ಕಾಣುವುದೇ ಇಲ್ಲ. ಸೆಪ್ಟೆಂಬರ್ 7ರದು ಸರಿಹೋಯಿತು. ರಾತ್ರಿ 11ರಿಂದ 82 ನಿಮಿಷ ಖಗ್ರಾಸ. ಅವಳು ಬರುತ್ತಾಳೆ, ಎದುರಿಗೆ ತೋಳ. ಪಂಚಾಂಗ ಮತ್ತೆ ತೆಗೆದಾಗ ಇನ್ನೊಂದು ಕಂಡಿತು: 11.38ರ ಸುಮಾರಿಗೆ ಹುಣ್ಣಿಮೆ ಮುಗಿದು ಪಾಡ್ಯ. ಚಂದ್ರ ಇನ್ನೂ ಕೆಂಪಗೆ ಮಂಕಾಗಿರುವಾಗಲೇ ತೋಳ ಅವಳ ಕಣ್ಣೆದುರಿಗೇ ಮನುಷ್ಯನಾಗುತ್ತಾನೆ. ಆಮೇಲೆ ಇಬ್ಬರಿಗೂ ಮುಕ್ಕಾಲು ತಾಸು.

ಅಲ್ಲಿಂದ 14 ದಿನಕ್ಕೆ ಮಹಾಲಯ. ಅವಳಿಗೆ ಎಡೆ ಇಟ್ಟರೆ ಹೋಗುತ್ತಾಳೆ, ಇಡದಿದ್ದರೆ ಉಳಿಯುತ್ತಾಳೆ. ಎರಡನ್ನೂ ಬರೆದು ನೋಡಿದೆ. ಉಳಿಸಿದಾಗ ಆ ಹುಡುಗ ಸ್ವಾರ್ಥಿಯಂತೆ ಕಂಡ. ಎಡೆ ಇಡಿಸಿದೆ, ಹೋಳಿಗೆ ಜೊತೆ ಒಂದು ಮುಷ್ಟಿ ಹಗೇವಿನ ಜೋಳ. ಆ ಅಧ್ಯಾಯ 600 ಪದಕ್ಕೇ ಮುಗಿಯಿತು; ಎಳೆಯಲು ಹೋಗಲಿಲ್ಲ.