ದುಬೈ ಮರಳಲ್ಲಿ ಸ್ಯಾಂಡ್‌ಬೋರ್ಡಿಂಗ್: ಮೊದಲ ಸಲ ಟ್ರೈ ಮಾಡೋರಿಗೆ

ದುಬೈ, ಶಾರ್ಜಾ ಕಡೆ ಇರೋ ನಮ್ಮೋರು ಊರಿಂದ ನೆಂಟರು ಬಂದ್ರೆ ಡೆಸರ್ಟ್ ಸಫಾರಿಗೆ ಕರ್ಕೊಂಡು ಹೋಗೇ ಹೋಗ್ತಾರೆ, ಅಲ್ಲಿ ಗಾಡಿ ನಿಲ್ಸಿದಾಗ ಡ್ರೈವರ್ ಮರಳ ದಿಬ್ಬದಿಂದ ನಿಂತು ಜಾರೋಕೆ ಒಂದು ಹಳೇ ಸ್ಯಾಂಡ್‌ಬೋರ್ಡ್ ತೆಗೆದು ಕೊಡ್ತಾನೆ, ಎಲ್ರೂ ಒಂದೊಂದು ಸಲ ಹತ್ತಿ ಎರಡು ಮಾರು ಜಾರಿ ಫೋಟೋ ತೆಗೆಸ್ಕೊಂಡು "ಅಯ್ಯೋ ಇಷ್ಟೇನಾ" ಅಂತ ಇಳೀತಾರೆ. ಇದು ನೋಡಿದಾಗೆಲ್ಲ ನಂಗೆ ಬೇಜಾರಾಗುತ್ತೆ. ವ್ಯಾಕ್ಸ್ (ಮೇಣ) ಹಚ್ಚದೇ ಇರೋ ಬೋರ್ಡು, ಸರಿಯಾದ ಇಳಿಜಾರಿಲ್ಲದ ಜಾಗ, ಎರಡೂ ಸೇರಿದ್ರೆ ಎಂಥಾ ಪಳಗಿದೋನು ನಿಂತ್ರೂ ಜಾರಲ್ಲ. ಅರ್ಧಕ್ಕಿಂತ ಜಾಸ್ತಿ ಕೆಲಸ ಬೋರ್ಡ್ ಮೇಲೆ ಕಾಲಿಡೋ ಮುಂಚೆನೇ ಇರೋದು, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ.

ಮೊದ್ಲು ಟೈಮು. ನವೆಂಬರಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೆ ಮರಳಿನ ಸಹವಾಸ ಬೇಡವೇ ಬೇಡ, ಅಮೆರಿಕದ ಕೊಲರಾಡೊದಲ್ಲಿರೋ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ನ್ಯಾಷನಲ್ ಪಾರ್ಕ್‌ನೋರೇ ಬೇಸಿಗೆಲಿ ಮರಳು 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತೆ ಅಂತ ಎಚ್ಚರಿಸ್ತಾರೆ, ಇನ್ನು ಇಲ್ಲಿನ ಜುಲೈ ಹೆಂಗಿರುತ್ತೆ ಅಂತ ಹೇಳ್ಬೇಕಾಗಿಲ್ಲ. ಚಳಿಗಾಲದಲ್ಲಿ ಇನ್ನೊಂದು ವಿಷ್ಯ ಇದೆ, ಬೆಳಿಗ್ಗೆ ಮಂಜು ಬೀಳುತ್ತಲ್ಲ, ಆಗ ಮರಳಿನ ಮೇಲ್ಪದರ ಒದ್ದೆ ಆಗಿರುತ್ತೆ, ಕೈಯಲ್ಲಿ ಹಿಡಿದು ಅದುಮಿದ್ರೆ ಉಂಡೆ ಕಟ್ಟುತ್ತೆ, ಅಂಥ ಮರಳಿಗೆ ಬೋರ್ಡ್ ಅಂಟ್ಕೊಳ್ಳುತ್ತೆ. ಬೆರಳ ಸಂದಿಯಿಂದ ಸರ್‍ರನೆ ಸೋರಿದ್ರೆ ಮಾತ್ರ ಅದು ಜಾರೋ ಮರಳು. ಹಾಗಾಗಿ ನನ್ನ ಪ್ರಕಾರ ಮಧ್ಯಾಹ್ನ ಮೂರರ ಮೇಲೆ ಹೋಗೋದೇ ಬೆಸ್ಟು.

ಜಾಗದ ವಿಷ್ಯಕ್ಕೆ ಬಂದ್ರೆ ಲಹಬಾಬ್ ಕಡೆಯ ಕೆಂಪು ಮರಳು ಚೆನ್ನಾಗಿದೆ. ಹತ್ತಾ ರೋಡಲ್ಲಿರೋ ಬಿಗ್ ರೆಡ್ ಅನ್ನೋ ದೊಡ್ಡ ಮರಳ ದಿಬ್ಬ ಇಲ್ಲಿರೋ ಎಲ್ರಿಗೂ ಗೊತ್ತಿರೋದೇ, ಆದ್ರೆ ಅದು ತುಂಬಾ ಎತ್ತರ, ಹೊಸಬರಿಗೆ ಬೇಕಾಗಿಲ್ಲ, ಸುತ್ತಮುತ್ತ ಇರೋ ಮೂರ್ನಾಲ್ಕು ಆಳೆತ್ತರದ ದಿಬ್ಬಗಳೇ ಸಾಕು. ದಿಬ್ಬಕ್ಕೆ ಎರಡು ಮೈ ಇರುತ್ತೆ ಅನ್ನೋದು ಗಮನದಲ್ಲಿರ್ಲಿ. ಗಾಳಿ ಬೀಸಿ ಬರೋ ಕಡೆ ಉದ್ದಕ್ಕೆ ನಿಧಾನವಾಗಿ ಏರಿರುತ್ತೆ, ಮರಳು ಗಟ್ಟಿಯಾಗಿ ಕೂತಿರುತ್ತೆ. ನೆತ್ತಿ ದಾಟಿದ ಮರಳು ಆಚೆ ಬದಿಗೆ ಬಿದ್ದು ಗುಡ್ಡೆ ಆಗ್ತಾ ಆಗ್ತಾ ಸುಮಾರು 30ರಿಂದ 34 ಡಿಗ್ರಿ ಇಳಿಜಾರಿಗೆ ಬಂದಾಗ ತಾನಾಗೇ ಕುಸಿಯೋಕೆ ಶುರು ಮಾಡುತ್ತೆ, ಅದಕ್ಕೇ ಆ ಕಡೆ ಕಡಿದಾಗಿ, ಮೆತ್ತಗೆ ಇರುತ್ತೆ. ಜಾರೋದು ಈ ಮೆತ್ತಗಿನ ಕಡೆ, ಹತ್ತೋದು ಗಟ್ಟಿ ಕಡೆಯಿಂದ. ಜಾರೋ ಮುಖದಲ್ಲೇ ನೇರ ಹತ್ತೋಕೆ ಹೋದ್ರೆ ಒಂದು ಹೆಜ್ಜೆ ಮೇಲೆ ಇಟ್ರೆ ಮುಕ್ಕಾಲು ಹೆಜ್ಜೆ ಕೆಳಗೆ, ಎರಡು ರೌಂಡಿಗೇ ಉಸಿರು ಸಿಕ್ಕಲ್ಲ. ಮರಳಲ್ಲಿ ಲಿಫ್ಟ್ ಇಲ್ಲ, ಪ್ರತಿ ಸಲ ನಡ್ಕೊಂಡೇ ಹತ್ಬೇಕು, ನೀರು ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇಟ್ಕೊಳ್ಳಿ.

ಬೋರ್ಡ್ ಬಾಡಿಗೆಗೆ ತಗೊಳ್ಳುವಾಗ ತಿರುಗಿಸಿ ತಳ ನೋಡಿ. ಸ್ಯಾಂಡ್‌ಬೋರ್ಡ್‌ದು ಗಟ್ಟಿ ಲ್ಯಾಮಿನೇಟ್ ತಳ, ಅಡಿಗೆಮನೆ ಕೌಂಟರ್ ಮೇಲೆ ಅಂಟಿಸೋ ಶೀಟ್ ಜಾತಿದು, ನುಣ್ಣಗಿರುತ್ತೆ. ಸುಮಾರು ಕಡೆ ಹಿಮದಲ್ಲಿ ಜಾರೋ ಹಳೇ ಸ್ನೋಬೋರ್ಡನ್ನೇ ಕೊಡ್ತಾರೆ, ಅದರ ತಳ ಮೆತ್ತನೆ ಪ್ಲಾಸ್ಟಿಕ್ಕು, ಮರಳು ಅದನ್ನ ಉಜ್ಜಿ ಉಜ್ಜಿ ಒರಟು ಮಾಡಿರುತ್ತೆ. ಬೇರೆ ಇದ್ರೆ ಬದಲಾಯಿಸಿ ಕೊಡಿ ಅಂತ ಕೇಳಿ. ವ್ಯಾಕ್ಸ್ ಮಾತ್ರ ಕೇಳದೇ ಬರ್ಬೇಡಿ. ಪ್ಯಾರಾಫಿನ್ ಥರದ ಗಟ್ಟಿ ತುಂಡು ಅದು. ಮೊದ್ಲು ಬಟ್ಟೆಯಿಂದ ತಳದ ಮರಳು ಪೂರ್ತಿ ಒರೆಸಿ, ಆಮೇಲೆ ಮುಂದಿನ ತುದಿಯಿಂದ ಹಿಂದಕ್ಕೆ ಒಂದೇ ದಿಕ್ಕಲ್ಲಿ ಒತ್ತಿ ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ್ರೆ ಮೇಣ ಹತ್ತದ ಜಾಗ ಕಾಣುತ್ತೆ, ಅಲ್ಲಿ ಇನ್ನೊಂದ್ಸಲ. ಒಂದೆರಡು ಸಲ ಜಾರೋಷ್ಟರಲ್ಲಿ ಅದು ಸವೆದು ಹೋಗುತ್ತೆ, ಮತ್ತೆ ಹಚ್ಬೇಕು, ಬೇಜಾರು ಮಾಡ್ಕೊಳ್ಬೇಡಿ, ಸ್ಪೀಡ್ ಬರೋದೇ ಇದರಿಂದ.

ಈಗ ನಿಲ್ಲೋದು. ಮೊದಲ ರೌಂಡ್ ಕೂತ್ಕೊಂಡೇ ಜಾರಿ, ಮರಳು ಎಷ್ಟು ಎಳೀತಿದೆ ಅಂತ ಅಂದಾಜು ಸಿಗುತ್ತೆ. ಆಮೇಲೆ ದಿಬ್ಬದ ಅರ್ಧದಿಂದ ನಿಂತು ಶುರು ಮಾಡಿ. ಯಾವ ಕಾಲು ಮುಂದೆ ಅನ್ನೋದಕ್ಕೆ ಯಾರಾದ್ರೂ ಹಿಂದಿನಿಂದ ಮೆಲ್ಲಗೆ ತಳ್ಳಿದ್ರೆ ಯಾವ ಕಾಲು ತಾನಾಗೇ ಮುಂದೆ ಹೋಗುತ್ತೋ ಅದನ್ನೇ ಇಟ್ಟು ನೋಡಿ, ಸರಿ ಅನ್ನಿಸದಿದ್ರೆ ಬದಲಾಯಿಸಿ. ಸ್ಟ್ರ್ಯಾಪ್ ಬಿಗಿ ಮಾಡಿ, ಮಂಡಿ ಬಗ್ಗಿಸಿ, ಭುಜ ಸಡಿಲ ಬಿಡಿ, ಕಣ್ಣು ಕೆಳಗಿನ ಬಯಲಿನ ಮೇಲಿರ್ಲಿ, ಪಾದ ನೋಡ್ಬೇಡಿ. ಭಾರ ಸ್ವಲ್ಪ ಹಿಂದಿನ ಕಾಲಿನ ಮೇಲೆ ಹಾಕಿ. ಹಿಮದಲ್ಲಿ ಸ್ನೋಬೋರ್ಡ್ ಮಾಡಿದೋರು ಇಲ್ಲೇ ಎಡವೋದು, ಅವರಿಗೆ ಮುಂದಕ್ಕೆ ಬಾಗೋದು ಅಭ್ಯಾಸ, ಮರಳಲ್ಲಿ ಹಾಗೆ ಮಾಡಿದ್ರೆ ಬೋರ್ಡಿನ ಮೂತಿ ಒಳಗೆ ಹೂತು ನೀವು ಮುಖ ಅಡಿಯಾಗಿ ಬೀಳ್ತೀರಿ. ತೀರಾ ಹಿಂದಕ್ಕೆ ಒರಗಿದ್ರೆ ಬೋರ್ಡ್ ನಿಂತೇ ಹೋಗುತ್ತೆ. ಮತ್ತೆ ಬೋರ್ಡ್ ನೇರ ಕೆಳಕ್ಕೇ ಮುಖ ಮಾಡಿರ್ಬೇಕು, ಭಯಕ್ಕೆ ಅಡ್ಡಡ್ಡ ತಿರುಗಿಸಿದ್ರೆ ಅಂಚು ಮರಳಲ್ಲಿ ಸಿಕ್ಕಾಕ್ಕೊಂಡು ಹಾಗೇ ಮಗುಚ್ತೀರಿ.

ನಿಲ್ಸೋದು ಹೇಗೆ ಅಂತ ಎಲ್ರೂ ಕೇಳ್ತಾರೆ. ಕೆಳಗೆ ಸಮತಟ್ಟು ಬಂದ್ರೆ ತಾನಾಗೇ ನಿಲ್ಲುತ್ತೆ, ಮಧ್ಯದಲ್ಲೇ ಸಾಕು ಅನ್ನಿಸಿದ್ರೆ ಮಂಡಿ ಇನ್ನೂ ಬಗ್ಗಿಸಿ ಹಿಂದಕ್ಕೆ ಕೂತ್ಬಿಡಿ, ಕುಂಡೆ ಮರಳಿಗೆ ತಾಗಿದ ತಕ್ಷಣ ನಿಲ್ಲುತ್ತೆ. ಬೀಳುವಾಗ ಕೈ ಚಾಚ್ಬೇಡಿ, ಮಣಿಕಟ್ಟು ಉಳುಕೋದು, ಮುರಿಯೋದು ಹಾಗೇನೇ. ಕೈ ಎದೆ ಹತ್ರ ಮಡಚಿ ಪಕ್ಕಕ್ಕೆ ಉರುಳಿ. ಮೆತ್ತಗಿನ ಮರಳಾದ್ರೂ ಹೆಲ್ಮೆಟ್ ಹಾಕೋದು ಒಳ್ಳೇದು, ಮಕ್ಕಳಿಗಂತೂ ಹಾಕ್ಸಲೇಬೇಕು. ತೋಳು ಮುಚ್ಚೋ ಬಟ್ಟೆ, ಕಣ್ಣು ಪೂರ್ತಿ ಮುಚ್ಚೋ ಕನ್ನಡಕ, ಫೋನು ಜಿಪ್ ಪೌಚಲ್ಲಿ.

ಇದೊಂದು ದಯವಿಟ್ಟು ಹಗುರವಾಗಿ ತಗೋಬೇಡಿ: ಬಿಗ್ ರೆಡ್ ಸುತ್ತ ಕ್ವಾಡ್ ಬೈಕು, ಮರಳಲ್ಲಿ ಓಡೋ ಬಗ್ಗಿ ಗಾಡಿ, ಫೋರ್ ವೀಲರ್‌ಗಳು ಓಡಾಡ್ತಾನೇ ಇರ್ತವೆ, ದಿಬ್ಬದ ಆಚೆಯಿಂದ ಹತ್ತಿ ಬರೋನಿಗೆ ಈಚೆ ಕೂತಿರೋ ನೀವು ಕಾಣಲ್ಲ. ಅದಕ್ಕೆ ಗಾಡಿ ಓಡಾಡಿದ ಗುರುತಿರೋ ದಿಬ್ಬ ಬಿಟ್ಟು ಬೇರೆ ನೋಡಿ, ಒಬ್ರು ನೆತ್ತಿ ಮೇಲೆ ಎರಡೂ ಕಡೆ ಕಾಣೋ ಹಾಗೆ ನಿಂತಿರ್ಲಿ, ಕೆಳಗಿರೋರು ಸುಸ್ತಾಯ್ತು ಅಂತ ಅಲ್ಲೇ ಮಲಗ್ಬಾರ್ದು, ಪಕ್ಕಕ್ಕೆ ಸರಿದ ಮೇಲೇ ಮುಂದಿನೋರು ಹೊರಡ್ಬೇಕು.

ನೇರ ಜಾರೋದು ಕೈವಶ ಆದ್ಮೇಲೆ ತಿರುವು ಕಲೀಬಹುದು. ಸ್ಪೀಡ್ ಬಂದ್ಮೇಲೆ ಯಾವ ಕಡೆ ಹೋಗ್ಬೇಕೋ ಆ ಕಡೆ ನೋಡಿ, ಭುಜ ನಿಧಾನಕ್ಕೆ ತಿರುಗಿಸಿ, ಹಿಮ್ಮಡಿಗೋ ಬೆರಳಿಗೋ ಸ್ವಲ್ಪ ಒತ್ತು ಕೊಡಿ, ದೊಡ್ಡ ಅಗಲವಾದ ತಿರುವು ತಗೊಳ್ಳಿ. ಸ್ಪೀಡ್ ಇಲ್ದೇ ತಿರುಗಿಸೋಕೆ ಹೋದ್ರೆ ಅಲ್ಲೇ ಹೂತ್ಕೊಳ್ಳುತ್ತೆ.

ವಾಪಸ್ ಹೊರಡುವಾಗ ಬೈಂಡಿಂಗ್ (ಕಾಲು ಕಟ್ಟೋ ಪಟ್ಟಿ) ಸಂದಿ ಮರಳು ಬ್ರಷಲ್ಲಿ ಉದುರಿಸಿ, ಸ್ವಂತ ಬೋರ್ಡ್ ಆದ್ರೆ ತಳ ಒರೆಸಿ ಒಳ್ಳೆ ನೆರಳಲ್ಲಿಡಿ, ವ್ಯಾಕ್ಸ್ ತುಂಡನ್ನ ಕಾರಲ್ಲಿ ಬಿಡ್ಬೇಡಿ, ಇಲ್ಲಿನ ಬಿಸಿಲಿಗೆ ಕರಗಿ ಸೀಟ್ ಬಟ್ಟೆಗೆಲ್ಲ ಹಿಡ್ಕೊಂಡ್ರೆ ತೆಗೆಯೋದು ತುಂಬಾ ಕಷ್ಟ.